ಬಾಗಿಲಿಗೆ ಇಟ್ಟ ಕಲ್ಲು

ಮಾರ್ಚ್ ಹನ್ನೆರಡು, ಗುರುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ದೂರು ಗೂಡ್ಸ್ ರಿಕ್ಷಾ ಏರಿ ಕಾರವಾರದ ಠಾಣೆಗೆ ಬಂತು. ರಿಕ್ಷಾದ ಹಿಂಬದಿಯಲ್ಲಿ ನೈಲಾನ್ ಹಗ್ಗದಿಂದ ಕೈಕಾಲು ಕಟ್ಟಿಸಿಕೊಂಡ ಒಬ್ಬ ಮನುಷ್ಯ ಬಿದ್ದಿದ್ದ. ಎಡಗಣ್ಣು ಊದಿ ಮುಚ್ಚಿತ್ತು, ಕೆಳದವಡೆ ಪಕ್ಕಕ್ಕೆ ವಾಲಿತ್ತು, ಬಲಗೈ ಮೊಣಕೈಯಿಂದ ಕೆಳಗೆ ಬಾಗಬಾರದ ಕಡೆಗೆ ಬಾಗಿತ್ತು. ಸುತ್ತ ನಿಂತಿದ್ದ ಪಕ್ಕದ ಬಿಣಗಾದ ಎಂಟು-ಹತ್ತು ಗಂಡಸರ ಮುಖದಲ್ಲಿ ಹಂದಿ ಬೇಟೆ ಮುಗಿಸಿ ಬಂದವರ ಕಳೆಯಿತ್ತು.

"ಸಾಹೇಬ್ರೇ, ಕೊಲೆಗಾರನ್ನ ನಾವೇ ಹಿಡ್ಕಂಡ್ ಬಂದ್ವು," ಎಂದ ಮುಂದೆ ನಿಂತಿದ್ದ ಜಗದೀಶ. ಹೆದ್ದಾರಿ ಪಕ್ಕದಲ್ಲಿ ಗ್ಯಾರೇಜು ಇಟ್ಟುಕೊಂಡವನು.

ಇನ್‌ಸ್ಪೆಕ್ಟರ್ ತುಳಸಿದಾಸ ಮೆಟ್ಟಿಲಿಳಿದು ಬಂದ. ಮೀನುಗಾರರ ಮನೆಯಲ್ಲಿ ಹುಟ್ಟಿ, ಬಲೆ ಎಳೆದು ಗಟ್ಟಿಯಾದ ಕೈ. ಸಿಟ್ಟು ಮೂಗಿನ ತುದಿಯಲ್ಲೇ.

"ಸತ್ತದ್ದು ಯಾರು?"

"ರಾಮನಾಥ ಸಾಹೇಬ್ರು. ಆಕಾಶದ ಕಲ್ಲಿನ ಸಾಹೇಬ್ರು. ಇವ ಭರತ, ಅವರ ಮನೆ ಕೆಲ್ಸದವ."

"ಇವ ಹೊಡ್ದದ್ದನ್ನ ಕಂಡವರು ಯಾರು?"

"ಅಂಗಿ ತುಂಬ ರಕ್ತ ಇತ್ತಲ್ರಾ!"

"ಈಗ ನಿನ್ನ ಅಂಗಿ ಮೇಲೂ ಉಂಟು. ನಿನ್ನನ್ನೂ ಕಟ್ಟಿ ಹಾಕ್ಲನಾ?"

ಜಗದೀಶ ತನ್ನ ಅಂಗಿ ನೋಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಹೇಳಿದ್ದಾರೆ; ಹತ್ತು ಜನ ಆತುರಗಾರರು ಸೇರಿದರೆ ಅಷ್ಟು ಬುದ್ಧಿಯೂ ಉಳಿಯುವುದಿಲ್ಲ. ತುಳಸಿದಾಸ ಭರತನನ್ನು ಆಂಬುಲೆನ್ಸಿನಲ್ಲಿ ಜಿಲ್ಲಾಸ್ಪತ್ರೆಗೆ ಕಳಿಸಿದ. ಜಗದೀಶನ ಹೇಳಿಕೆಯ ಮೇಲೆ ಭಾರತೀಯ ನ್ಯಾಯ ಸಂಹಿತೆ ಕಲಂ 103ರ ಅಡಿ ಎಫ್ಐಆರ್ ದಾಖಲಾಯಿತು. ಭರತನ ಮೂಳೆ ಮುರಿದದ್ದಕ್ಕೆ ಜಗದೀಶನನ್ನೇ ಮೊದಲ ಆರೋಪಿ ಮಾಡಿ ಇನ್ನೊಂದು ಎಫ್ಐಆರ್ ಬರೆಸಿ, ಹೆಡ್ ಕಾನ್‌ಸ್ಟೆಬಲ್ ಮಂಗಲಾಳನ್ನು ಕರೆದುಕೊಂಡು ಅವನು ಬಿಣಗಾಕ್ಕೆ ಹೊರಟ.

ರಾಮನಾಥ ಹಡಗಿನ ಎಂಜಿನಿಯರನಾಗಿ ಲೋಕವೆಲ್ಲ ಸುತ್ತಿ ನಿವೃತ್ತನಾದವನು. ಬಂದರಿಗಿಳಿದ ಬೇರೆಯವರು ಸೆಂಟು, ರೇಡಿಯೊ ಕೊಂಡರೆ ಇವನು ಉಲ್ಕೆಯ ಕಲ್ಲು ಕೊಳ್ಳುತ್ತಿದ್ದ. ಅರ್ಜೆಂಟೀನಾದ ಬಯಲಲ್ಲಿ ಬಿದ್ದದ್ದು, ಮೊರೊಕ್ಕೊದ ಮರಳಲ್ಲಿ ಸಿಕ್ಕಿದ್ದು, ರಷ್ಯದ ಹಿಮ ಕರಗಿದಾಗ ಕಂಡದ್ದು. ಹೆಂಡತಿ ಮಕ್ಕಳಿಲ್ಲದ ಆ ಮನೆಯ ಹಜಾರದ ಮೂರು ಗೋಡೆಗೂ ಗಾಜಿನ ಕಪಾಟು. ಒಂದೊಂದು ಕಲ್ಲಿಗೂ ಒಂದೊಂದು ಮರದ ಪೀಠ, ದೇಶದ ಹೆಸರಿನ ಚೀಟಿ.

ಅದೇ ಹಜಾರದಲ್ಲಿ ಮೇಜು ಮತ್ತು ಕಪಾಟಿನ ನಡುವೆ ಅವನು ಬಿದ್ದಿದ್ದ. ತಲೆಯ ಹಿಂಭಾಗ ಒಳಗೆ ಕುಸಿದಿತ್ತು. ಬಾಯಿ ಇದ್ದ ಜಾಗದಲ್ಲಿ ತುಟಿ ಯಾವುದು, ವಸಡು ಯಾವುದು ತಿಳಿಯುವಂತಿರಲಿಲ್ಲ. ಮುರಿದ ಹಲ್ಲುಗಳು ಮೇಜಿನ ಕೆಳಗೆ ಚೆಲ್ಲಿದ್ದವು. ಅಡ್ಡ ಹಿಡಿದ ಎಡಗೈಯ ಬೆರಳುಗಳು ಜಜ್ಜಿಹೋಗಿದ್ದವು. ರಕ್ತ ಗಾಜಿನ ಮೇಲೆ ಸಿಡಿದು ಇಳಿದು ಒಣಗಿತ್ತು. ಮಂಗಲಾ ಒಂದು ಕ್ಷಣ ಸೆರಗು ಹಿಡಿಯುವವಳಂತೆ ಕೈಯನ್ನು ಬಾಯಿಗೆ ತಂದಳು. ಸಮವಸ್ತ್ರದಲ್ಲಿ ಸೆರಗಿಲ್ಲವೆಂದು ನೆನಪಾಗಿ ಕೈ ಇಳಿಸಿ, ಪಂಚನಾಮೆಗೆ ಕೂತಳು.

ಒಳಗೆ ಅಡುಗೆಮನೆಯ ಬಾಗಿಲು ಸಮುದ್ರದ ಗಾಳಿಗೆ ದಢಾರ್ ದಢಾರ್ ಎಂದು ಬಡಿದುಕೊಳ್ಳುತ್ತಲೇ ಇತ್ತು.

"ಇಂಥ ಮನೇಲಿ ಒಂದು ಬಾಗಿಲು ನಿಲ್ಲಿಸೂಕೆ ಕಲ್ಲಿಲ್ವಾ?" ಎಂದು ಗೊಣಗಿದ ತುಳಸಿದಾಸ ಅಲ್ಲಿಗೆ ಹೋಗಿ ಬಗ್ಗಿ ನೋಡಿದ. ಬಾಗಿಲ ಬುಡದಲ್ಲಿ, ನೆಲದ ಧೂಳಿನ ನಡುವೆ ಅಂಗೈಯಗಲದ ಜಾಗ ಮಾತ್ರ ಸ್ವಚ್ಛವಾಗಿತ್ತು. ಅಲ್ಲೊಂದು ಕಲ್ಲಿತ್ತು, ಈಗ ಇಲ್ಲ.

ಕಪಾಟುಗಳ ಬೀಗ ಹಾಗೇ ಇದ್ದವು. ಕಳ್ಳ ಬಂದಿದ್ದರೆ ಆಕಾಶದ ಕಲ್ಲು ಬಿಟ್ಟು ಬಾಗಿಲ ಕಲ್ಲು ಯಾಕೆ ಒಯ್ಯುತ್ತಾನೆ? ತುಳಸಿದಾಸ ಹಜಾರಕ್ಕೆ ಮರಳಿ ಪ್ರತಿಯೊಂದು ಕಲ್ಲನ್ನೂ ನೋಡುತ್ತ ಬಂದ. ಮೇಜಿನ ಮೇಲೊಂದು ಕಬ್ಬಿಣದ ಉಲ್ಕೆ ಪೀಠದ ಮೇಲೆ ಒಪ್ಪವಾಗಿ ಕೂತಿತ್ತು. ನಮೀಬಿಯಾ ಎಂದು ಚೀಟಿ. ಎರಡು ಮುಷ್ಟಿ ಗಾತ್ರ, ಮೈತುಂಬ ನಾದಿದ ಹಿಟ್ಟಿಗೆ ಹೆಬ್ಬೆರಳೊತ್ತಿದಂಥ ಗುಳಿಗಳು. ಕಪಾಟಿನೊಳಗಿನ ಕಬ್ಬಿಣದ ಕಲ್ಲುಗಳೆಲ್ಲ ಮಿರಮಿರ ಮಿಂಚುತ್ತಿದ್ದರೆ ಇದೊಂದರ ಮೈಮೇಲೆ ಹೊಸ ತುಕ್ಕು ಕೆಂಪಗೆ ಎದ್ದಿತ್ತು. ಗುಳಿಯೊಂದರಲ್ಲಿ ಏನೋ ಕಪ್ಪುಗೆಂಪಿನ ಚೂರು ಸಿಕ್ಕಿಕೊಂಡಿತ್ತು.

ಅವನು ಮೂಗು ಹತ್ತಿರ ಒಯ್ದ. ಹುಳಿ ವಾಸನೆ. ಮೀನು ಸಾರಿಗೆ ಹಾಕುವ ಮುರುಗಲ ಸಿಪ್ಪೆ.

ಅವನನ್ನು ಹೆತ್ತ ಆಯಿ ಸಾಯುವ ತನಕ ಪೇಟೆಯಲ್ಲಿ ಮೀನು ಮಾರಿದವಳು. ಸಂಜೆ ಮನೆಗೆ ಬಂದು ಕತ್ತಿಯನ್ನೂ ಕೈಯನ್ನೂ ಉಪ್ಪು, ಮುರುಗಲ ಸಿಪ್ಪೆ ಹಾಕಿ ತಿಕ್ಕುತ್ತಿದ್ದಳು. ಹಾಗೆ ತಿಕ್ಕದೆ ರಕ್ತದ ಕವುಲು ವಾಸನೆ ಹೋಗುವುದಿಲ್ಲ ಎನ್ನುತ್ತಿದ್ದಳು. ಇಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಉಪ್ಪಿನ ಭರಣಿ, ಮುರುಗಲ ಡಬ್ಬ ಎರಡೂ ಬಾಯಿ ತೆರೆದುಕೊಂಡಿದ್ದವು. ಪಕ್ಕದ ಬೋಗುಣಿಯಲ್ಲಿ ಹೊಟ್ಟೆ ಸೀಳಿ ತೊಳೆದಿಟ್ಟ ಬಂಗಡೆ, ನೊಣ ಮುತ್ತಿದ್ದವು. ತುಳಸಿದಾಸನಿಗೆ ವಿಷಯ ಅರ್ಧ ತಿಳಿಯಿತು: ಆ ಕಲ್ಲನ್ನು ತೊಳೆದಿಟ್ಟದ್ದು ಮೀನು ಮಾರುವ ಕೈ. ತಿಳಿದದ್ದು ಅವನಿಗೆ ಒಂಚೂರೂ ಬೇಕಿರಲಿಲ್ಲ.

ಪಕ್ಕದ ಮನೆಯ ನೀತಾಳನ್ನು ಬೇಲಿಯ ಬಳಿ ಕರೆದ.

"ಬೆಳಿಗ್ಗೆ ಈ ಮನೆಗೆ ಯಾರ್ಯಾರು ಬಂದ್ರು?"

"ಭರತ ಒಬ್ನೇ. ಒಂಬತ್ತು ಗಂಟೆಗೆ. ಮತ್ತ್ಯಾರೂ ಇಲ್ಲ."

"ಹಂಗಾರೆ ಬಂಗಡೆ ಕಾಲ್ನಡಿಗೇಲಿ ಬಂತಾ?"

"ಅಯ್ಯೋ, ಅದು ಮೀನಿನ ನೀಲಾ ಅಲ್ದಾ! ಬೆಳಂಬಾರದವ್ಳು. ದಿನಾ ಅಂಕೋಲೆ ಬಸ್ಸಿಗೆ ಬತ್ತಾಳೆ, ಹಿಂದಿನ ಜಗಲೀಲಿ ಕೂತು ಮೀನು ಹೆಚ್ಚಿ ಕೊಟ್ಟು ಹೋಗ್ತಾಳೆ. ಅವಳ್ನ ಯಾರು ಲೆಕ್ಕಕ್ಕೆ ಹಿಡೀತ್ರು?"

"ಇವತ್ತು ನಿಮ್ಮನೆಗೆ ಬಂದ್ಲಾ?"

"ಇಲ್ಲ ನೋಡಿ. ಕರೆದ್ರೂ ತಿರುಗಲಿಲ್ಲ. ಬುಟ್ಟಿ ಎಷ್ಟ್ ಭಾರ ಇತ್ತೋ, ಕುತ್ತಿಗೆ ಬಗ್ಗಿ ಹೋಗಿತ್ತು." ಮಾತಾಡುತ್ತಲೇ ನೀತಾಳ ದನಿ ಇಳಿಯಿತು. "ಮೀನು ಮಾರಿ ಹೋಗೂವಾಗ ಬುಟ್ಟಿ ಯಾಕೆ ಭಾರ ಇರ್ತದೆ?"

ಮಧ್ಯಾಹ್ನ ಒಂದಕ್ಕೆ ಅವನು ಆಸ್ಪತ್ರೆಯಲ್ಲಿದ್ದ. ತಲೆಯೊಳಗೆ ರಕ್ತ ಇಳಿದಿದೆ, ಈಗಲೇ ಏನೂ ಹೇಳಲಾಗದು ಎಂದರು ವೈದ್ಯರು. ಭರತನ ಹೆಂಡತಿ ಲತಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ಅವ ಸತ್ರೆ ಕೊಲೆಗಾರ ಅಂತ್ಲೇ ಸಾಯ್ತ, ಸಾಹೇಬ್ರೇ. ನನ್ನ ಮಗಳು ನಾಳೆ ಶಾಲೆಗೆ ಯಾವ ಮುಖ ಹೊತ್ಕಂಡು ಹೋಗೂದು? ಹೊಡೆದವರು ಇಲ್ಲೇ ಹೊರಗೆ ಚಾ ಕುಡೀತಿದ್ರು. ನನ್ನ ಕಂಡು ನಗಾಡಿದ್ರು."

ಅಷ್ಟರಲ್ಲಿ ಡಿವೈಎಸ್‌ಪಿಯ ಫೋನು ಬಂತು. ಆರೋಪಿ ಕೈಯಲ್ಲೇ ಇದ್ದಾನಲ್ಲ, ಸಂಜೆಯೊಳಗೆ ಬಂಧನ ತೋರಿಸಿ ಎಂದರು. "ಸಂಜೆಯೊಳಗೆ ತೋರಿಸ್ತೇನೆ ಸರ್," ಎಂದ ತುಳಸಿದಾಸ, ಯಾರದೆಂದು ಹೇಳಲಿಲ್ಲ.

ಭರತ ಮುರಿದ ದವಡೆಯಲ್ಲೇ ತೊದಲಿದ. ಒಂಬತ್ತಕ್ಕೆ ಬಂದಾಗ ಸಾಹೇಬರು ಬಿದ್ದಿದ್ದರು, ಎತ್ತಿ ತೊಡೆಯ ಮೇಲೆ ಹಾಕಿಕೊಂಡೆ, ಕೂಗಿದೆ, ಬಂದವರು ನನ್ನನ್ನೇ ಹೊಡೆದರು.

"ನಮೀಬಿಯಾದ ಕಲ್ಲನ್ನ ತೊಳ್ದವ ನೀನಾ?"

"ನೀರು... ತಾಗಿಸೂಕೇ ಇಲ್ಲ. ಮಷಿನ್ ಎಣ್ಣೆ ಮಾತ್ರ."

"ಅಡುಗೆಮನೆ ಬಾಗಿಲಿಗೆ ಇದ್ದ ಕಲ್ಲು ಎಂತದು?"

ಭರತ ತೆರೆದಿದ್ದ ಒಂದು ಕಣ್ಣನ್ನೂ ಮುಚ್ಚಿಕೊಂಡ. "ಬೆಳಂಬಾರದ್ದು. ನಿತೇಶ ತೆಗೆದದ್ದು. ಉಲ್ಕೆ ಅಲ್ಲ, ಕಿಟ್ಟ. ಹಳೇ ಹಡಗಿನ ಕಲ್ಲಿದ್ದಲು ಸುಟ್ಟ ಕಿಟ್ಟ."

"ನಿತೇಶ ಯಾರು?"

"ನೀಲಾನ ಮಗ. ಆ ಕಲ್ಲು ತೆಗೆಯೂವಾಗ್ಲೇ... ಕಡಲಲ್ಲಿ ಸತ್ತ."

ಬೆಳಂಬಾರಕ್ಕೆ ಜೀಪು ಮುಟ್ಟಿದಾಗ ಬಿಸಿಲು ಇನ್ನೂ ಇತ್ತು. ದಂಡೆಯ ಹತ್ತಿರ ಶೇಂಗಾ ಗದ್ದೆಯಲ್ಲಿದ್ದ ಬೊಮ್ಮು ಗೌಡ ಜೀಪು ಕಂಡು ತಾನಾಗಿ ಎದ್ದು ಬಂದ. ನಿತೇಶನ ಹೆಣ ದಂಡೆಗೆ ಎಳೆದವರಲ್ಲಿ ಅವನೂ ಒಬ್ಬ.

"ದೀಪಾವಳಿ ಆದ ಮೇಲೆ ಒಂದು ಮುಚ್ಚಂಜೆ ಆಕಾಶದಲ್ಲಿ ಬೆಂಕಿ ಉಂಡೆ ಹೋಯ್ತು ಒಡೆಯಾ. ಆ ಬಂಡೆ ಬದಿಗೆ ಬಿತ್ತು ಅಂತ ಊರೆಲ್ಲ ಹೇಳ್ತು. ಕಾರವಾರದ ಸಾಹೇಬ್ರಿಗೆ ಹುಚ್ಚೇ ಹಿಡೀತು. ಲೋಕದ ಕಲ್ಲೆಲ್ಲ ಕೊಂಡದ್ದು, ನಮ್ಮ ಕಡಲಿಗೆ ಬಿದ್ದದ್ದು ನಂಗೆ ಬೇಕೇ ಬೇಕು ಅಂದ್ರು. ನಿತೇಶ ಬಂಡೆಯಡಿ ಮುಳುಗಿ ಚಿಪ್ಪಿ ತೆಗೆಯೂ ಹುಡ್ಗ. ಎರಡು ದಿನ ಮುಳುಗ್ದ. ಮೂರನೇ ದಿನ ಅಲೆ ಜೋರಿತ್ತು. ಸಾಕು ಅಂದ. ಇನ್ನೊಂದೇ ಸಲ ಅಂದ್ರು ಅವ್ರು."

"ಆಮೇಲೆ?"

"ಬಂಡೆಗೆ ಬಡಿದು ಮುಖ ಹರಿದು ಹೋಗಿತ್ತು. ಸೊಂಟದಲ್ಲಿ ಚೀಲ ಹಂಗೇ ಇತ್ತು, ಒಳಗೆ ಕಲ್ಲು. ಮರಳ ಮೇಲೆ ಹಾಕಿದ್ವು." ಬೊಮ್ಮು ಹೆಗಲ ವಸ್ತ್ರದಿಂದ ಬಾಯಿ ಒರೆಸಿಕೊಂಡ. "ಆ ಸಾಹೇಬ್ರು ಮೊದ್ಲು ಚೀಲ ಬಿಚ್ಚಿದ್ರು ಒಡೆಯಾ. ಹುಡ್ಗನ ಮುಖ ನೋಡಿದ್ದು ಆಮೇಲೆ. ನಾವು ಈ ಮಾತು ನೀಲಾಗೆ ಹೇಳ್ಲಿಲ್ಲ."

ಆ ಸಾವು ನೀರಲ್ಲಿ ಮುಳುಗಿ ಆದದ್ದು ಎಂದು ದಾಖಲಾಗಿ ಮುಗಿದಿತ್ತು. ಕೇಳುತ್ತ ಕೇಳುತ್ತ ತುಳಸಿದಾಸನಿಗೆ ಸತ್ತವನ ಮೇಲೆಯೇ ಹಲ್ಲು ಮಸೆಯುವಷ್ಟು ಸಿಟ್ಟು ಬಂತು. ಖಾಕಿ ತೊಟ್ಟವನಿಗೆ ಆ ಸಿಟ್ಟು ಹತ್ತು ಹೆಜ್ಜೆ ದೂರವೂ ಕೆಲಸಕ್ಕೆ ಬರುವುದಿಲ್ಲ. ಬೊಮ್ಮುವನ್ನೂ ಇನ್ನೊಬ್ಬನನ್ನೂ ಪಂಚರಾಗಿ ಬರಲು ಹೇಳಿ, ಮಂಗಲಾಳನ್ನು ಮುಂದೆ ಬಿಟ್ಟು ನೀಲಾಳ ಮನೆಗೆ ನಡೆದ.

ನೀಲಾ ತಲೆಗೆ ಸ್ನಾನ ಮಾಡಿ ಒಳಗೆ ಕೂತಿದ್ದಳು. ಗೋಡೆಯಲ್ಲಿ ಮಗನ ಫೋಟೊ. ಕೆಳಗೆ ಮಣೆಯ ಮೇಲೆ ಒಂದು ಕಪ್ಪು ಕಲ್ಲು. ತೆಂಗಿನೆಣ್ಣೆ ಹಚ್ಚಿದ್ದಳು, ಮೇಲೊಂದು ಅಬ್ಬಲಿಗೆ ಹೂವಿತ್ತು. ಪೊಲೀಸರನ್ನು ಕಂಡು ಏಳಲಿಲ್ಲ, ಬೆಚ್ಚಲೂ ಇಲ್ಲ.

"ಭರತನ್ನ ಹೊಡೆದ್ರಂತೆ, ಹೌದನಾ?" ಅವಳೇ ಮೊದಲು ಕೇಳಿದಳು. "ಬಸ್ಸಲ್ಲಿ ಬಂದವರು ಹೇಳಿದ್ರು. ಬಟ್ಟೆ ಉಟ್ಕಂಡು ನಾನೇ ಹೊರಟಿದ್ದೆ. ಕಾಲು ಏಳಲಿಲ್ಲ. ಬದುಕಿದ್ನಾ?"

"ಬದುಕಿದ. ಯಾವುದ್ರಲ್ಲಿ ಹೊಡ್ದೆ ನೀಲಕ್ಕಾ?"

"ಮೇಜಿನ ಮೇಲಿನ ಕಲ್ಲಲ್ಲಿ."

"ಎಷ್ಟು ಸಲ?"

"ಲೆಕ್ಕ ಯಾರು ಇಟ್ರು? ಬೆನ್ನು ಹಾಕಿ ನಿಂತಿದ್ದ. ಮೊದಲ್ನೇದಕ್ಕೆ ಮೊಣಕಾಲ ಮೇಲೆ ಕೂತ. ತಿರುಗಿ 'ನೀಲಾ' ಅಂದ. ನನ್ನ ಹೆಸರು ಹೇಳ್ಬೇಡ ಅಂತ ಬಾಯಿ ಮೇಲೆ ಹೊಡ್ದೆ. ಕೈ ಅಡ್ಡ ತಂದ, ಕೈಗೆ ಹೊಡ್ದೆ. ಅವ ಸುಮ್ಮನಾದ ಮೇಲೂ ಹೊಡ್ದೆ. ದೊಡ್ಡ ಮೀನಿನ ತಲೆ ಒಡ್ದಂಗೇ ಆಯ್ತು. ಬೇರೆ ಎಂತ ಹೇಳ್ಲಿ?"

ಹೊರಗೆ ನಿಂತಿದ್ದ ಎರಡನೇ ಪಂಚ ಕೆಮ್ಮುತ್ತ ಬೇಲಿಯ ಕಡೆ ಹೋದ.

"ಮತ್ತೆ ತೊಳ್ದು ಇಟ್ಟದ್ದು ಯಾಕೆ? ಸಿಕ್ಕಿ ಬೀಳಬಾರ್ದು ಅಂತ್ಲಾ?"

"ಆ ಕಲ್ಲಿನ ತಪ್ಪು ಎಂತದು? ಅದು ಖರೆ ಆಕಾಶದ್ದು. ರಕ್ತ ಮೆತ್ಕಂಡ್ ಇರ್ಲಿ ಅಂತ ಬಿಟ್ ಬರೂಕೆ ಮನಸ್ಸಾಗ್ಲಿಲ್ಲ. ಕತ್ತಿ ತೊಳ್ದಂಗೆ ತೊಳ್ದೆ, ಇದ್ದಲ್ಲೇ ಇಟ್ಟೆ."

"ಇಷ್ಟು ತಿಂಗಳು ದಿನಾ ಅವರ ಮನೆಗೆ ಮೀನು ಕೊಟ್ಟವಳು. ಇವತ್ತೇ ಯಾಕೆ?"

ನೀಲಾ ಫೋಟೊದ ಕಡೆ ತಿರುಗಿದಳು. "ಬಂಡೆ ಕೆಳಗೆ ಮುಳುಗೂವವರು ಯಾರಿದ್ದಾರೆ ಅಂತ ಅವ ಕೇಳ್ದಾಗ ನನ್ನ ಮಗನೇ ಇದ್ದಾನೆ ಅಂದವಳು ನಾನು. ನಾನೇ ಕೈ ಹಿಡ್ದು ಕೊಟ್ಟೆ. ಮಗ ಹೋದ ಮೇಲೆ ದಿನಾ ಕೇಳ್ತಿದ್ದೆ, ನಿತೇಶ ತೆಗೆದದ್ದು ಆಕಾಶದ್ದೇ ಹೌದಾ ಅಂತ. ಪರೀಕ್ಷೆಗೆ ಹೋಗಿದೆ ಅಂತಿದ್ದ. ನನ್ನ ಮಗನ ಕಲ್ಲೂ ಕಪಾಟಲ್ಲಿ ಕೂರ್ತದೆ, ಬೆಳಂಬಾರ ಅಂತ ಚೀಟಿ ಹಚ್ತಾರೆ ಅಂತ ನಾ ಇದ್ದೆ. ಇವತ್ತೂ ಕೇಳ್ದೆ. ಫೋನ್ ನೋಡ್ತಾ ಹೇಳ್ದ, 'ಅದಾ? ಬರೀ ಕಿಟ್ಟ. ನಿನ್ನ ಕಾಲ ಬುಡದಲ್ಲೇ ಉಂಟು ನೋಡು.' ನೋಡ್ದೆ. ಬಾಗಿಲಿಗೆ ಅಡ್ಡ ಇಟ್ಟಿದ್ದ. ದಿನಾ ನಾನೂ ಅದನ್ನ ಕಾಲಲ್ಲೇ ಸರಿಸಿ ದಾಟಿದ್ದೆ, ತಮಾ. ನನ್ನ ಕಾಲಲ್ಲೇ."

ತುಳಸಿದಾಸ ಹೊರಗೆ ಬಂದು ಬೇಲಿಯ ಬಳಿಯಿದ್ದ ಪಂಚನನ್ನು ಮರಳಿ ಕರೆದ.

ಸಂಜೆ ಐದೂವರೆಗೆ, ಬೆಳಕಿರುವಾಗಲೇ, ಮಂಗಲಾ ಅವಳನ್ನು ಬಂಧಿಸಿದಳು. ಸುದ್ದಿ ಮುಟ್ಟಿದಾಗ ಡಿವೈಎಸ್‌ಪಿ ಭರತನ ಹೆಸರನ್ನು ಮತ್ತೆ ಎತ್ತಲಿಲ್ಲ. ತುಳಸಿದಾಸ ಲತಾಗೂ ಫೋನ್ ಮಾಡಿ, ನಾಳೆ ಮಗಳನ್ನು ಶಾಲೆಗೆ ಕಳಿಸು ಎಂದ. ಆ ಕಡೆ ಅವಳು ಅತ್ತದ್ದು ಮಾತ್ರ ಕೇಳಿಸಿತು.

ಜಪ್ತಿ ಪಂಚನಾಮೆಗೆ ಕಲ್ಲನ್ನು ಮಣೆಯಿಂದೆತ್ತುವಾಗ ನೀಲಾ ಹೂವನ್ನು ತಾನೇ ತೆಗೆದಳು.

"ತಮಾ, ನೀ ಕಲ್ತವ. ನಮ್ಮವ. ಖರೆ ಹೇಳು. ಇದು ಮೇಲಿಂದ ಬಂದದ್ದೇ ಇರ್ಬಹುದು ಅಲ್ದಾ?"

ಕಲ್ಲು ಭಾರವಿತ್ತು, ಆದರೆ ಮೇಜಿನ ಮೇಲಿನ ಉಲ್ಕೆಯಷ್ಟಲ್ಲ. ಮೈತುಂಬ ಸಣ್ಣ ಸಣ್ಣ ತೂತು. ಯಾವ ಸ್ಟೀಮರಿನ ಒಲೆಯಿಂದ ಯಾರು ಸಲಿಕೆಯಲ್ಲಿ ಬಳಿದು ಕಡಲಿಗೆ ಚೆಲ್ಲಿದ್ದೋ. ಮಂಗಲಾ ಪೆನ್ನು ಹಿಡಿದು ಮೆಲ್ಲಗೆ ಕೇಳಿದಳು, "ಏನಂತ ಬರೀಲಿ ಸರ್, ಕಿಟ್ಟ ಅಂತ್ಲಾ?"

ತುಳಸಿದಾಸ ಕಲ್ಲನ್ನು ಮಂಗಲಾಳ ಎದುರಿಗಿಟ್ಟ.

"ಬರಿ. ಬೆಳಂಬಾರದ ಸಮುದ್ರದ ಬಂಡೆಯಡಿಯಿಂದ ನಿತೇಶ ಎಂಬವನು ಮುಳುಗಿ ತೆಗೆದ ಕಲ್ಲು, ಒಂದು."

ಮಂಗಲಾ ಬರೆದು ಪಂಚರೆದುರು ಗಟ್ಟಿಯಾಗಿ ಓದಿದಳು. ಬೊಮ್ಮು ಹೆಬ್ಬೆಟ್ಟು ಒತ್ತಿದ. ಅದನ್ನು ಇನ್ನೊಂದು ಸಲ ಓದು ಎಂದು ನೀಲಾ ಕೇಳಿದಳು, ಮಂಗಲಾ ಓದಿದಳು.