3241ನೇ ಮನೆ

“ಐದನೇ ಸಾಲಿನ ತುಂಬ ಬರೀ ಖಾಲಿ ಡಬ್ಬಿ. ಏನ್ರೀ ಇದು?”

ಪ್ರೂಫ್ ಮೇಷ್ಟ್ರು ಹಾಳೆ ಹಿಡಿದು ಅವಳ ಟೇಬಲ್ ಮುಂದೆ ನಿಂತಿದ್ದ. ಪಾಠ ಹೇಳುವ ಮೇಷ್ಟ್ರಲ್ಲ, ಪುಸ್ತಕಗಳಲ್ಲಿ ತಪ್ಪು ಹುಡುಕುವ ಮೂವತ್ತರ ಯುವಕ. ಲಿಫ್ಟಿನ ಬೋರ್ಡಿನಲ್ಲಿ ಕೊಂಬು ಬಿಟ್ಟುಹೋಗಿದ್ದರೂ ನಿಂತು ತಿದ್ದುವ ಜಾತಿ.

ಆ ಹಾಳೆ ಟೈಪ್ ಮಾಡಿದವಳು ಅವಳೇ.

ಅದು ಮಕ್ಕಳ ಗಣಿತ ಪುಸ್ತಕದ ಕೊನೆಯ ಪುಟ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ನಂಬರು. ಅದಕ್ಕೆ ಒಂದು ಕೂಡಿಸಿದರೆ ‘ಕ’ ಇದ್ದಲ್ಲಿ ‘ಖ’ ಬರುತ್ತದೆ. ಒಂದು ಕಳೆದರೆ ಗುಟ್ಟು ಬಯಲು. ನಾಲ್ಕು ಗುಟ್ಟಿನ ಸಾಲು ಮಕ್ಕಳು ಬಿಡಿಸಲಿಕ್ಕೆ. ಐದನೆಯದು ಅವನಿಗೆ. ಅಚ್ಚಿಗೆ ಹೋಗುವ ಮೊದಲು ಅಳಿಸಿದರಾಯಿತು ಎಂದುಕೊಂಡಿದ್ದಳು.

ಬೇರೆ ಊರಿನ ಶಾಖೆಗೆ ಹೋಗುತ್ತಾನೋ ಇಲ್ಲವೋ ಎಂದು ಅವನು ಐದು ಗಂಟೆಯೊಳಗೆ ಮ್ಯಾನೇಜರಿಗೆ ಬರೆದುಕೊಡಬೇಕಿತ್ತು. ಈಗ ಮೂರೂವರೆ.

“ಬಾಯಿದ್ದವನು ಬರಗಾಲದಲ್ಲೂ ಬದುಕಿದ. ನೀನು ಬಾಯಿಗೆ ಬೀಗ ಹಾಕ್ಕೊಂಡು ಕೂತಿರು” ಎಂದು ಅಕ್ಕ ಬೆಳಗ್ಗೆಯೇ ಬೈದು ಕಳಿಸಿದ್ದಳು.

ಅವನು ಕುರ್ಚಿ ಎಳೆದು ಕೂತ. “ಪದಪದದ ಮಧ್ಯ ಆಶ್ಚರ್ಯಸೂಚಕ ಬೇರೆ. ಯಾರ ಮೇಲೆ ಕಿರುಚ್ತಿದೀರಿ?”

“ಅದು ಖಾಲಿ ಜಾಗ. ಖಾಲಿ ಜಾಗಕ್ಕೂ ನಂಬರಿರುತ್ತೆ, ಮೂವತ್ತೆರಡು. ಅದಕ್ಕೂ ಒಂದು ಕೂಡಿಸಿಬಿಟ್ಟಿದೀನಿ.”

“ಡಬ್ಬಿ?”

ಅವಳು ಗೋಡೆಯ ಮೇಲಿದ್ದ ಅಕ್ಷರಪಟ್ಟಿ ತೋರಿಸಿದಳು. “ನ ಅನ್ನೋದು 3240. ಪ, 3242. ಮಧ್ಯದ 3241ನೇ ಮನೇಲಿ ಯಾವ ಅಕ್ಷರಾನೂ ಇಲ್ಲ, ಅದಕ್ಕೇ ಡಬ್ಬಿ. ಒಂದು ಹೆಜ್ಜೆ ಇಟ್ರೆ ‘ನ’ ಅಲ್ಲಿ ಬಿದ್ದುಹೋಗುತ್ತೆ. ‘ಹ’ದ್ದೂ ಅದೇ ಪಾಡು. ನೋಡದೇ ಪ್ರಿಂಟ್ ಕೊಟ್ಟೆ.”

ಅವನು ಪಟ್ಟಿಯನ್ನು ನೋಡಿದ. ಆಮೇಲೆ ಅವಳನ್ನು. ಅವಳು ಕೀಬೋರ್ಡಿನ ಧೂಳು ಒರೆಸತೊಡಗಿದಳು. ಅಲ್ಲಿ ಧೂಳೇ ಇರಲಿಲ್ಲ.

“ಕೊನೇ ಪದ ಪೂರ್ತಿ ಉಳಿದಿದೆ. ‘ಭೈಝಿಱೂ.’ ಒಂದೊಂದು ಹಿಂದೆ ಬಂದ್ರೆ ‘ಬೇಜಾರು’. ಅಂದ್ರೆ ಯಾರಿಗೋ ಬೇಜಾರು. ಯಾರಿಗೆ, ಯಾತಕ್ಕೆ ಅನ್ನೋದು ಡಬ್ಬಿಯೊಳಗಿದೆ. ಅದನ್ನ ತುಂಬದೆ ನಾನು ಸಹಿ ಹಾಕಲ್ಲ.”

“ಮೇಷ್ಟ್ರೇ, ನೀವೇ ಊಹಿಸಿ.”

“ಊಹಿಸಿ ತಿದ್ದೋದು ನಮ್ಮ ಕೆಲಸದಲ್ಲಿ ಮಹಾಪಾಪ. ಬರೆದವರನ್ನೇ ಕೇಳಬೇಕು.”

ಅವನ ತುಟಿಯಂಚಿನಲ್ಲಿ ನಗೆಯಿತ್ತೋ ಇಲ್ಲವೋ, ಅವಳಿಗೆ ಗೊತ್ತಾಗಲಿಲ್ಲ. ಇದ್ದಿದ್ದರೆ ಸಿಟ್ಟು ಮಾಡಿಕೊಂಡಾದರೂ ತಪ್ಪಿಸಿಕೊಳ್ಳಬಹುದಿತ್ತು.

“ನೀವು ಹೋದರೆ ನನಗೆ ಬೇಜಾರು” ಎಂದಳು, ಕೀಬೋರ್ಡಿಗೆ ಹೇಳುವಂತೆ.

ಅವನು ಎದ್ದ. ಪಟ್ಟಿಯ ಮುಂದೆ ಸ್ವಲ್ಪ ಹೊತ್ತು ನಿಂತು, ಹಾಳೆ ತೆಗೆದುಕೊಂಡು ಹೊರಟುಹೋದ.

ನಾಲ್ಕೂವರೆಗೆ ಅವಳು ನೀರು ಕುಡಿದು ಬರುವಷ್ಟರಲ್ಲಿ ಹಾಳೆ ಟೇಬಲ್ ಮೇಲೆ ಬಂದು ಕೂತಿತ್ತು. ಕೆಳಗೆ ಅವನ ಸಹಿ. ಐದನೇ ಸಾಲಿನ ಮೇಲೆ ಈ ತುದಿಯಿಂದ ಆ ತುದಿಗೆ ಕೆಂಪು ಗೀಟು.

ತೆಗೆದುಹಾಕಿ ಅಂತ ಅರ್ಥ. ಇಷ್ಟು ವರ್ಷ ಸಾವಿರ ಸಲ ನೋಡಿದ ಗುರುತು. ಇವತ್ತು ಮತ್ತೆ ಮತ್ತೆ ನೋಡಿದಳು. ಸುಮ್ಮನಿರಲಾರದೆ ಮೈಮೇಲೆ ಇರುವೆ ಬಿಟ್ಟುಕೊಂಡೆನಲ್ಲ ಎಂದು ಅಕ್ಕನನ್ನೂ ಸೇರಿಸಿ ಬೈದುಕೊಂಡಳು. ಆಗ ಅಂಚಿನಲ್ಲಿದ್ದ ಪುಟ್ಟ ಬರಹ ಕಣ್ಣಿಗೆ ಬಿತ್ತು: ಪಪಙೄ. ಪಕ್ಕದಲ್ಲೊಂದು ಸುತ್ತು, ಸುತ್ತಿನೊಳಗೆ 2.

ಅವಳು ಪಟ್ಟಿಯ ಹತ್ತಿರ ಹೋಗಿ ಬೆರಳಿಟ್ಟಳು. ‘ಪ’ದಿಂದ ಎರಡು ಹೆಜ್ಜೆ ಹಿಂದೆ, ಖಾಲಿ ಮನೆ ದಾಟಿದರೆ ‘ನ’. ಇನ್ನೊಂದು ‘ನ’. ‘ಙ’ದಿಂದ ‘ಗ’. ಕೊನೆಗೆ ದೀರ್ಘದ ಕೊಂಬು.

ನನಗೂ.

“ಒಂದು ಹೆಜ್ಜೆ ಇಟ್ರೆ ಬಿದ್ದುಹೋಗುತ್ತೆ ಅಂದ್ರಲ್ಲ, ಅದಕ್ಕೆ ಎರಡು ಇಟ್ಟೆ.” ಅವನು ಬಾಗಿಲಲ್ಲಿದ್ದ.

“ಮತ್ತೆ ಗೀಟು ಯಾಕೆ ಹೊಡೆದ್ರಿ?”

“ಮಕ್ಕಳ ಪುಸ್ತಕದಲ್ಲಿ ನಮ್ಮಿಬ್ಬರ ವಿಷಯ ಯಾಕೆ ಅಂತ.”

“ಮ್ಯಾನೇಜರಿಗೆ?”

“ಅವರಿಗೆ ಗುಟ್ಟಿನ ಭಾಷೆ ಬರಲ್ಲ. ಹೋಗಲ್ಲ ಅಂತ ನೇರವಾಗೇ ಬರೆದುಕೊಟ್ಟೆ.”

ಅವಳು ಫೈಲಿನಿಂದ ಐದನೇ ಸಾಲು ಅಳಿಸಿದಳು. ಹಾಳೆಯನ್ನು ಮಾತ್ರ ಮಡಚಿ ಬ್ಯಾಗಿಗೆ ಹಾಕಿಕೊಂಡಳು.

“ಅದು ಆಫೀಸಿನ ಹಾಳೆ ಕಣ್ರೀ.”

“ಹೌದಾ? ಹಾಗಾದ್ರೆ ನನಗೇ ಅಂತ ಬೇರೆ ಕೊಡಿ. ಗುಟ್ಟು ಬೇಡ.”

ಅವನು ಜೇಬಿನಿಂದ ಕೆಂಪು ಪೆನ್ನು ತೆಗೆದ. ಏನೋ ಯೋಚಿಸಿ ವಾಪಸು ಜೇಬಿಗಿಟ್ಟ. ಆಮೇಲೆ ಬಾಯಿಬಿಟ್ಟು ಹೇಳಿದ.