ಹೆಬ್ಬೆರಳಿನ ಗೆರೆಗಳು

"ಇದನ್ನೆಲ್ಲ ಬರೆದದ್ದು ನೀವೇನಾ?"

ಮೇಜಿನ ಮೇಲೆ ಪತ್ರಗಳ ಕಟ್ಟೊಂದು ಬಿದ್ದ ಸದ್ದಿಗೆ ತೃಪ್ತಿ ಬೆಚ್ಚಿ ತಲೆಯೆತ್ತಿದಳು. ವರ್ಕಾಡಿಯ ಆ ಪುಟ್ಟ ಅಂಚೆ ಕಚೇರಿಯ ಬಾಗಿಲಿನಷ್ಟೇ ಎತ್ತರದ ಯುವಕ ಎದುರಿಗೆ ನಿಂತಿದ್ದ. ಅವನ ಎಡ ಹೆಗಲು ಬಲ ಹೆಗಲಿಗಿಂತ ತುಸು ಜಗ್ಗಿತ್ತು.

ಆ ಹೆಗಲಿನಿಂದಲೇ ಅವಳಿಗೆ ಗುರುತು ಹತ್ತಿತು.

ಅಶ್ವಿತ್!

ಏಳು ತಿಂಗಳಿಂದ ಅವನ ಅಕ್ಷರಗಳನ್ನು ಓದಿದ್ದಳು. ಅವನ ಮನೆಯ ಗೋಡೆಯಲ್ಲಿದ್ದ ಫೋಟೊ ಬಿಟ್ಟರೆ ಅವನ ಮುಖ ಕಂಡದ್ದು ಇದೇ ಮೊದಲು.

"ಹೌದು. ನಿಮ್ಮ ಅಮ್ಮ ಹೇಳಿದ್ದು... ನಾನು ಬರೆದದ್ದು."

"'ನಾನು ಆರಾಮ ಇದ್ದೇನೆ, ಊಟ ಸೇರುತ್ತದೆ, ಕೆಮ್ಮು ಎಂತದೂ ಇಲ್ಲ.' ಹನ್ನೊಂದು ಪತ್ರದಲ್ಲಿಯೂ ಇದೇ! ನಾನು ಮನೆ ಮುಟ್ಟುವಾಗ ಅಮ್ಮ ಬೂದಿಯಾಗಿ ನಾಲ್ಕು ದಿನ. ಬರೆಯುವಾಗ ನಿಮ್ಮ ಕೈ ನಡುಗಲಿಲ್ಲವಾ?"

ಮೂಲೆಯಲ್ಲಿ ಅಂಚೆ ಚೀಲ ಕಟ್ಟುತ್ತಿದ್ದ ಪೋಸ್ಟ್‌ಮ್ಯಾನ್ ವಾಸಪ್ಪ ಎದ್ದು ನಿಂತ.

"ದನಿ ತಗ್ಗಿಸು ಮಾರಾಯ. ಗಡಿ ಇಲ್ಲಿ ಅಲ್ಲ, ಮೇಡಂ ಶತ್ರುವೂ ಅಲ್ಲ."

"ನೀವು ಸುಮ್ಮನಿರಿ ವಾಸಪ್ಪಣ್ಣ!"

ವಾಸಪ್ಪ ಇಬ್ಬರ ಮುಖವನ್ನೂ ನೋಡಿದ. ಚೀಲವನ್ನು ಹೆಗಲಿಗೇರಿಸಿ ಹೊರಗೆ ನಡೆದ.

ಗಡಿಯಲ್ಲಿ ಕಾಳಗ ಆರಂಭವಾದ ದಿನವೇ ಸೈನಿಕನಾದ ಅಶ್ವಿತನ ಠಾಣೆಯಲ್ಲಿ ಮೊಬೈಲು ನಿಷೇಧವಾಗಿತ್ತು. ಉಳಿದದ್ದು ಪತ್ರವೊಂದೇ. ಆದರೆ ಅವನ ತಾಯಿ ಕಿನ್ನಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಲವತ್ತು ವರ್ಷ ಬೀಡಿ ಕಟ್ಟಿ ಮಗನನ್ನು ಬೆಳೆಸಿದವಳು. ಹೀಗಾಗಿ ಪತ್ರ ಬಂದ ಸಂಜೆ ಪೋಸ್ಟ್ ಮಾಸ್ಟರಾದ ತೃಪ್ತಿಯೇ ಅವಳ ಮನೆಗೆ ಹೋಗಿ ಓದುತ್ತಿದ್ದಳು, ಉತ್ತರ ಬರೆಯುತ್ತಿದ್ದಳು. ಕೊನೆಯಲ್ಲಿ ಕಿನ್ನಿ ಹೆಬ್ಬೆರಳು ಒತ್ತುತ್ತಿದ್ದಳು.

ಮೊದಲ ಸಲ ಒತ್ತಿದಾಗ ಕಾಗದದ ಮೇಲೆ ಮೂಡಿದ್ದು ಬರೀ ಮಸಿಯ ಮುದ್ದೆ. ಕಿನ್ನಿ ನಕ್ಕಿದ್ದಳು.

"ಗೆರೆಯನ್ನೆಲ್ಲ ಬೀಡಿ ಎಲೆ ತಿಂದಿದೆ ಮಾರಾಯ್ತಿ. ರೇಷನ್ ಅಂಗಡಿಯ ಬೆರಳೊತ್ತುವ ಮಿಷನಿಗೆ ನಾನು ಹುಟ್ಟಿಯೇ ಇಲ್ಲ!"

ಅಶ್ವಿತ್ ಪ್ರತಿ ಪತ್ರದ ತಳದಲ್ಲಿ ಎರಡು ಸಾಲು ಬೇರೆಯೇ ಬರೆಯುತ್ತಿದ್ದ. 'ಓದುವವರಿಗೆ: ನಿಮ್ಮ ಅಕ್ಷರದಲ್ಲಿ ಅಮ್ಮನ ದನಿ ಕೇಳುತ್ತದೆ.' ಮುಂದಿನ ಪತ್ರದಲ್ಲಿ, 'ಓದುವವರಿಗೆ: ನಿಮ್ಮ ಹೆಸರು ಎಂತ?'

ಉತ್ತರದ ಅಂಚಿನಲ್ಲಿ ತೃಪ್ತಿ ತನ್ನ ಹೆಸರನ್ನಷ್ಟೇ ಬರೆದಿದ್ದಳು. ಆ ಸಾಲುಗಳನ್ನು ಅವಳು ಗಟ್ಟಿಯಾಗಿ ಓದುತ್ತಿರಲಿಲ್ಲ. ಕಿನ್ನಿ ಬಿಡುತ್ತಲೂ ಇರಲಿಲ್ಲ.

"ಮೇಲಿನದ್ದು ಓದಿ ಹೇಳುತ್ತಿ. ಕೆಳಗಿನದ್ದು ಓದಿ ನೀನೊಬ್ಬಳೇ ನಗುವುದು ಎಂತದಕ್ಕೆ, ಮಗಾ?"

ಅದೇ ಅಕ್ಷರಗಳ ಒಡೆಯ ಈಗ ಕೆಂಡದಂಥ ಕಣ್ಣುಗಳಿಂದ ನೋಡುತ್ತಿದ್ದಾನೆ...

"ಜೂನ್ ತಿಂಗಳಲ್ಲಿ ನಿಮ್ಮ ಹೆಗಲಿಗೆ ಶೆಲ್ಲಿನ ಚೂರು ಹೊಕ್ಕಿತು." ತೃಪ್ತಿ ಎದ್ದು ನಿಂತಳು. "'ಓದುವವರಿಗೆ: ಇದನ್ನು ಅಮ್ಮನಿಗೆ ಓದಬೇಡಿ' ಅಂತ ಬರೆದಿರಿ. ನಾನು ಓದಲಿಲ್ಲ. ಅದು ಸುಳ್ಳಾಗಿರಲಿಲ್ಲವಾ?"

ಅವನ ಕೈ ಎಡ ಹೆಗಲಿಗೆ ಹೋಯಿತು.

"ಅದೇ ವಾರ ಮಂಗಳೂರಿನ ಡಾಕ್ಟರು ಅಮ್ಮನ ಶ್ವಾಸಕೋಶದಲ್ಲಿ ಗಡ್ಡೆ ಉಂಟು ಅಂದರು. ಅಮ್ಮ ನನ್ನ ಕೈ ಹಿಡಿದು ದೈವದ ಆಣೆ ಹಾಕಿಸಿದರು. 'ಅವನು ಅಲ್ಲಿ ಕಣ್ಣು ಬಿಟ್ಟು ಕೂರಬೇಕಾದವನು. ನನ್ನ ಚಿಂತೆಯಲ್ಲಿ ಒಂದು ಗಳಿಗೆ ಕಣ್ಣು ತಪ್ಪಿದರೆ? ಒಂದು ಅಕ್ಷರ ಬರೆಯಬಾರದು' ಅಂದರು. ನಾನು... ಬರೆಯಲಿಲ್ಲ."

ಅವಳು ಕಟ್ಟನ್ನು ಬಿಚ್ಚಿದಳು. ಹನ್ನೊಂದು ಪತ್ರಗಳನ್ನು ತಾರೀಕಿನ ಕ್ರಮದಲ್ಲಿ ಮೇಜಿನ ಮೇಲೆ ಸಾಲಾಗಿ ಹರಡಿದಳು.

"ಅಕ್ಷರ ಓದಬೇಡಿ. ಹೆಬ್ಬೆರಳು ನೋಡಿ."

ಏಪ್ರಿಲ್: ಮಸಿಯ ಮುದ್ದೆ. ಮೇ: ಮುದ್ದೆಯೇ. ಜುಲೈಯಲ್ಲಿ ಅಂಚಿನಲ್ಲೊಂದು ಮಸುಕು ಗೆರೆ. ಆಗಸ್ಟಿನಲ್ಲಿ ಸುರುಳಿಯ ಅರ್ಧಭಾಗ. ಕೊನೆಯ ಎರಡು ಪತ್ರಗಳಲ್ಲಿ, ನೀರಿಗೆ ಕಲ್ಲೆಸೆದಾಗ ಏಳುವ ಅಲೆಗಳಂತೆ, ಒಂದರೊಳಗೊಂದು, ಪ್ರತಿಯೊಂದು ಗೆರೆಯೂ ಸ್ಪಷ್ಟ!

ಅಶ್ವಿತನ ಬೆರಳು ಆ ಸಾಲಿನುದ್ದಕ್ಕೂ ಜಾರಿ ಕೊನೆಯ ಪತ್ರದ ಮೇಲೆ ನಿಂತಿತು.

"ಅಮ್ಮ... ಬೀಡಿ ಕಟ್ಟುವುದು ಬಿಟ್ಟಿದ್ದರು."

"ಜೂನ್ ಹದಿನೆಂಟಕ್ಕೆ. ಕೈಗೆ ಶಕ್ತಿ ಇರಲಿಲ್ಲ. ಕೆಲಸ ಬಿಟ್ಟ ಮೇಲೆ ಚರ್ಮ ಚಿಗುರಿ ಗೆರೆ ಮರಳಿ ಬರುತ್ತದೆ. ಆಣೆ ಇದ್ದದ್ದು ಅಕ್ಷರಕ್ಕೆ. ಪ್ರತಿ ಸಲ ಮಸಿ ತೆಳ್ಳಗೆ ಹಚ್ಚಿ ಮೆಲ್ಲಗೆ ಒತ್ತಿಸಿದೆ. ನಿಮಗೆ ಗೊತ್ತಾಗಲಿ ಅಂತ ಒತ್ತಿಸಿದೆ... ಗೊತ್ತಾಗದಿರಲಿ ಅಂತಲೂ ಬೇಡಿಕೊಂಡೆ."

ಅವನು ಬೆಂಚಿನ ಮೇಲೆ ಕುಸಿದ.

"ನಾನು ನೋಡಿದ್ದೆ," ಎಂದ. "ಬಂಕರಿನಲ್ಲಿ ಕೂತು ನೋಡಿದ್ದೆ. ಪೋಸ್ಟ್ ಆಫೀಸಿಗೆ ಹೊಸ ಇಂಕ್ ಪ್ಯಾಡ್ ಬಂದಿರಬೇಕು ಅಂತ ಎಣಿಸಿದೆ. ಬೀಡಿ ಕಟ್ಟುವವಳ ಮಗ ನಾನು... ಆ ಕೈಯ ಗಂಜಿ ಉಂಡವನು... ಹೊಸ ಇಂಕ್ ಪ್ಯಾಡ್ ಅಂತ!"

ಅವನು ಮುಖ ಮುಚ್ಚಿ ಬಿಕ್ಕಿದ. ತೃಪ್ತಿ ಕೌಂಟರಿನಾಚೆಯಿಂದ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಳು.

ಆಮೇಲೆ ತನ್ನ ಚೀಲದಿಂದ ಇನ್ನೊಂದು ಕಾಗದವನ್ನು ತೆಗೆದಳು. ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ. ತಳದಲ್ಲಿ ಹೆಬ್ಬೆರಳಿನ ಗುರುತು ಮಾತ್ರ.

"ಇದು ಹನ್ನೆರಡನೆಯದು. ಅವತ್ತು ಅಮ್ಮ, 'ಮೊದಲು ಬೆರಳು ಒತ್ತುತ್ತೇನೆ, ಎಂತ ಬರೆಯಬೇಕು ಅಂತ ಆಮೇಲೆ ಹೇಳುತ್ತೇನೆ' ಅಂದರು. ಆಮೇಲೆ... ಹೇಳಲಿಲ್ಲ."

ಅವನು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಅಮ್ಮನ ಮನಸ್ಸಿನಲ್ಲಿ ಇದ್ದದ್ದು ನನಗೆ ಸ್ವಲ್ಪ ಗೊತ್ತುಂಟು. ಬರೆದುಕೊಡಲಾ?"

"ಬೇಡ. ಖಾಲಿಯೇ ಇರಲಿ. ಇದೊಂದರಲ್ಲಿ ಸುಳ್ಳಿಲ್ಲ."

ಅದನ್ನು ಮಡಚಿ ಎದೆಯ ಜೇಬಿನಲ್ಲಿಟ್ಟ. ಮೇಲಿನ ರಸ್ತೆಯಲ್ಲಿ ತಲಪಾಡಿಯ ಬಸ್ಸು ಹಾರ್ನ್ ಹಾಕಿ ದಾಟಿತು. ಅವನು ಏಳಲಿಲ್ಲ.

"ಅಮ್ಮನ ಬೊಜ್ಜದ ಕ್ರಿಯೆ ಮುಗಿದ ಮರುದಿನ ಹೊರಡಬೇಕು. ಇನ್ನು ನನಗೆ ಪತ್ರ ಬರುವುದಿಲ್ಲ."

"ಬರೆಯುವವಳು ಇದ್ದಾಳೆ," ತೃಪ್ತಿ ನೆಲ ನೋಡುತ್ತಲೇ ಹೇಳಿದಳು. "ಹೇಳಿ ಬರೆಸುವವರು ಇಲ್ಲ... ಅಷ್ಟೇ."

"ನಿಮ್ಮದೇ ಬರೆಯುತ್ತೀರಾ? ಆರಾಮ ಇಲ್ಲದಿದ್ದರೆ ಇಲ್ಲ ಅಂತಲೇ?"

ಅವಳು ಮೊದಲ ಬಾರಿಗೆ ಅವನ ಕಣ್ಣುಗಳನ್ನು ನೇರವಾಗಿ ನೋಡಿದಳು.

"ನೀವೂ ಹಾಗೆಯೇ ಬರೆಯುವುದಾದರೆ. ಹೆಗಲು ಹೇಗುಂಟು?"

'ಆರಾಮ ಉಂಟು' ಎನ್ನಲು ತೆರೆದ ಬಾಯಿ ಹಾಗೆಯೇ ನಿಂತಿತು.

"ನೋಯುತ್ತದೆ," ಎಂದ. "ತುಂಬ ನೋಯುತ್ತದೆ, ತೃಪ್ತಿ."

ಅವನ ಬಾಯಿಂದ ತನ್ನ ಹೆಸರು ಕೇಳಿದ್ದು ಅದೇ ಮೊದಲು. ಅವಳ ಕಣ್ಣು ತುಂಬಿ ಬಂತು.

"ನನಗೂ," ಎಂದಳು.