ಕೈಗೆಟುಕದ ಗಂಟು

ನಮ್ಮ ಮುತ್ತಜ್ಜನ ಮುತ್ತಜ್ಜ ತೊಟ್ಟಿಲಲ್ಲಿದ್ದ ಕಾಲಕ್ಕಿಂತಲೂ ಹಿಂದೆ, ತೈಲಾವತಿ ಎಂಬ ರಾಜ್ಯವಿತ್ತು. ಕಣ್ಣು ಹಾಯಿಸಿದಲ್ಲೆಲ್ಲ ಎಳ್ಳಿನ ಹೊಲ, ಊರಿಗೊಂದು ಗಾಣ. ಕೂಸು ಹುಟ್ಟಿದರೆ ಎಣ್ಣೆ, ಮದುವೆಯಾದರೆ ಎಣ್ಣೆ. ಜಗಳವಾಡಿದವರು ರಾಜಿಯಾದರೂ ಅಷ್ಟೇ, ಒಬ್ಬರ ನೆತ್ತಿಗೆ ಇನ್ನೊಬ್ಬರು ಎಣ್ಣೆ ತಟ್ಟಬೇಕು. ಅಂಥ ನಾಡು ಅದು! ಆಳುತ್ತಿದ್ದವಳು ರಾಣಿ ಸಾವಂತಿ. ತಾಯಿಯಿಲ್ಲದ ತಮ್ಮ ಬಾಚಿದೇವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ರಾಜ್ಯಭಾರ ಮಾಡಿದವಳು. ಆ ತಮ್ಮ ಈಗ ಗರಡಿಯ ಪೈಲ್ವಾನ. ಅವನು ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಬರುತ್ತಿರಲಿಲ್ಲ.

ರಾಜ್ಯದ ಅಂಚಿನ ಕರಿಗುಡ್ಡದ ಗವಿಯಲ್ಲಿ ಹುರಿನಾಥನೆಂಬ ಮಾಂತ್ರಿಕನಿದ್ದ. ಅವನ ಬಳಿ ಒಂದು ಮಾಯಾಹಗ್ಗ. ಯಾರ ಹೆಸರು ಹೇಳಿ ಅದಕ್ಕೆ ಗಂಟು ಹಾಕುತ್ತಾನೋ ಅವರ ಮೈಯ ಮಾಂಸದಲ್ಲಿ ಗಂಟು ಬೀಳುತ್ತಿತ್ತು. ಒಂದು ದಿನ ರಾಣಿಯ ಹೆಸರು ಹೇಳಿದ. ಬೆಳಗ್ಗೆ ಎದ್ದ ರಾಣಿಗೆ ಕತ್ತು ತಿರುಗಲಿಲ್ಲ. ಆಮೇಲೆ ಭುಜ ಕಲ್ಲಾಯಿತು. ಗಂಟು ಮೆಲ್ಲಗೆ ಎದೆಯ ಕಡೆಗೆ ಇಳಿಯತೊಡಗಿತು. ಎದೆ ಮುಟ್ಟಿದರೆ ಉಸಿರೇ ನಿಲ್ಲುತ್ತದೆ.

ಬಾಚಿದೇವ ಗರಡಿಯಲ್ಲಿ ಮಾಡುವ ಹಾಗೆಯೇ ಅಕ್ಕನ ಭುಜಕ್ಕೆ ಮೊಣಕೈ ಊರಿ ಬಲವಾಗಿ ಒತ್ತಿದ. ರಾಣಿ ಕಿರುಚಿದಳು. ಗಂಟು ಇನ್ನಷ್ಟು ಬಿಗಿಯಿತು.

"ಅಯ್ಯೋ ಮಂಕೇ, ಅದು ನಿಮ್ಮಕ್ಕನ ಭುಜ ಕಣೋ, ಗರಡಿಯ ಕಂಬವಲ್ಲ!" ಎಂದಳು ಕಾಳಜ್ಜಿ. ಅರಮನೆಯ ಕೂಸುಗಳಿಗೆಲ್ಲ, ಈ ಪೈಲ್ವಾನನಿಗೂ ಸಹ, ಎಣ್ಣೆ ತಿಕ್ಕಿ ನೀರೆರೆದವಳು ಅವಳು. ಬಯ್ಯುವ ಹಕ್ಕು ಅವಳಿಗಿತ್ತು. "ಕೇಳು ಮಗಾ. ಎಣ್ಣೆಯನ್ನು ಮೊದಲು ನಿನ್ನ ಅಂಗೈಯಲ್ಲಿ ಬೆಚ್ಚಗೆ ಮಾಡು. ಗಂಟಿನ ಮೇಲೆ ಬೀಳಬೇಡ, ಅದರ ಸುತ್ತ ತಿರುಗು. ಅವರು ಉಸಿರು ಬಿಟ್ಟಾಗ ಒತ್ತು, ಎಳೆದುಕೊಂಡಾಗ ಸುಮ್ಮನಿರು."

"ಇಷ್ಟೇನಾ ಅಜ್ಜಿ?"

"ಇಷ್ಟೇ. ಸುಮ್ಮನಿರೋದು ನಿನಗೆ ಬರಬೇಕಲ್ಲ! ಗಂಟು ಕೆಳಗಿಳಿಯದ ಹಾಗೆ ನಾನು ತಿಕ್ಕುತ್ತಿರುತ್ತೇನೆ. ಅದರ ಬೇರು ಕರಿಗುಡ್ಡದ ಆ ಹುರಿನಾಥನ ಹಗ್ಗದಲ್ಲಿದೆ, ನೀನು ಹೋಗಿ ಬಿಚ್ಚಿ ಬಾ."

ಬಾಚಿದೇವ ಎಳ್ಳೆಣ್ಣೆ ತುಂಬಿದ ಸೋರೆಬುರುಡೆ ಹೆಗಲಿಗೇರಿಸಿ ಹೊರಟ.

ಮೊದಲು ಹೊಳೆ ಸಿಕ್ಕಿತು. ದಾಟುವ ಜಾಗದಲ್ಲೇ ಒಂದು ಬಿಳಿಯಾನೆ ಅಡ್ಡ ಮಲಗಿತ್ತು. ಮುಂಗಾಲಿನಲ್ಲಿ ಹಲಸಿನ ಹಣ್ಣಿನಷ್ಟು ಗಂಟು. ಬಾಚಿದೇವ ಆತುರದಲ್ಲಿ ತಣ್ಣನೆಯ ಎಣ್ಣೆಯನ್ನೇ ಸುರಿದ. ಆನೆ ಅವನನ್ನು ಸೊಂಡಿಲಿನಲ್ಲಿ ಎತ್ತಿ ನೀರಿಗೆ ಎಸೆಯಿತು. ಅವನು ಎದ್ದು ಬಂದು, ಕೂತು, ಅಂಗೈ ಉಜ್ಜಿ ಎಣ್ಣೆ ಬೆಚ್ಚಗೆ ಮಾಡಿ ತಿಕ್ಕಿದ. ಗಂಟು ಕರಗಿತು. ಆನೆ ಅವನನ್ನು ಬೆನ್ನ ಮೇಲೆ ಕೂರಿಸಿ ಹೊಳೆ ದಾಟಿಸಿತು.

ಆಮೇಲೆ ಕಾಡು. ದವಡೆ ಬಿಗಿದುಹೋಗಿ, ತಿನ್ನಲಾರದೆ ಬಡಕಲಾದ ಹುಲಿಯೊಂದು ದಾರಿಗೆ ಅಡ್ಡ ಬಂತು.

"ದವಡೆ ಸಡಿಲಿಸಿ ಕೊಡಲೇ?" ಎಂದ ಬಾಚಿದೇವ.

ಹುಲಿ ಹಲ್ಲಿನ ಸಂದಿಯಿಂದಲೇ ಕೇಳಿತು, "ಬಾಯಿ ಬಿಟ್ಟ ಕೂಡಲೇ ನಿನ್ನನ್ನೇ ತಿಂದರೆ?"

"ತಿನ್ನುವೆಯಂತೆ. ನಮ್ಮಕ್ಕನ ಕತ್ತು ತಿರುಗಲಿ, ಆಮೇಲೆ."

ಈ ಸಲ ಅವನು ಗಂಟಿನ ಮೇಲೆ ಬೀಳಲಿಲ್ಲ. ಕಿವಿಯ ಹಿಂದಿನಿಂದ ಶುರುಮಾಡಿ ಸುತ್ತ ಸುತ್ತ ಬಂದ. ಹುಲಿ ಗವಿಯಷ್ಟು ದೊಡ್ಡ ಬಾಯಿ ತೆರೆದು ಆಕಳಿಸಿ ಅಲ್ಲೇ ಗೊರಕೆ ಹೊಡೆಯಿತು. ಹದವಾಗಿ ಎಣ್ಣೆ ತಿಕ್ಕಿಸಿಕೊಂಡವರಿಗೆ ನಿದ್ದೆ ಬಾರದೆ ಇರುತ್ತದೆಯೇ, ನೀವೇ ಹೇಳಿ!

ಕೊನೆಗೆ ಕರಿಗುಡ್ಡ. ಗವಿಯ ತುಂಬ ಹಗ್ಗ, ಹಗ್ಗದ ತುಂಬ ಗಂಟು. ಬಾಚಿದೇವ ಒಂದನ್ನು ಹಿಡಿದೆಳೆದ. ಹಗ್ಗದೊಳಗಿಂದ ಅಕ್ಕನ ನರಳಾಟ ಕೇಳಿಸಿತು. ಬೆಚ್ಚಿ ಕೈಬಿಟ್ಟ.

"ಎಳೀ ಪೈಲ್ವಾನ, ಎಳೀ! ಎಳೆದಷ್ಟೂ ಬಿಗಿ!" ಎಂದು ಹುರಿನಾಥ ಗಹಗಹಿಸಿದ. ನಗು ಅರ್ಧಕ್ಕೇ ನಿಂತಿತು. "ಅಮ್ಮಾ..." ಎಂದು ಬಗ್ಗಿದ. ಕೈಯನ್ನು ಮೇಲಿನಿಂದ ಬೆನ್ನಿಗೆ ಚಾಚಿದ, ಎಟುಕಲಿಲ್ಲ. ಕೆಳಗಿನಿಂದ ಚಾಚಿದ, ಆಗಲೂ ಎಟುಕಲಿಲ್ಲ.

"ಅದು ಯಾವಾಗಿನದು?" ಎಂದು ಕೇಳಿದ ಬಾಚಿದೇವ.

"ಹುಡುಗನಾಗಿದ್ದಾಗಿನದು. ಹಗ್ಗ ಸಿಕ್ಕ ದಿನ, ನಿಜವೋ ಸುಳ್ಳೋ ನೋಡೋಣ ಅಂತ ನನ್ನ ಹೆಸರನ್ನೇ ಹೇಳಿ ಮೊದಲ ಗಂಟು ಹಾಕಿದೆ. ಬೆನ್ನು ಮುಟ್ಟಿ ಅಂತ ಕಂಡಕಂಡವರನ್ನು ಕರೆದೆ. ಎಲ್ಲರೂ ಹೆದರಿ ಓಡಿದರು. ಇವರಿಗೂ ಗೊತ್ತಾಗಲಿ ಅಂತ ಒಬ್ಬೊಬ್ಬರ ಹೆಸರೂ ಹೇಳುತ್ತ ಬಂದೆ."

"ಬೆನ್ನು ಕೊಡು."

ಮಾಂತ್ರಿಕ ಅನುಮಾನಿಸುತ್ತಲೇ ತಿರುಗಿ ಕೂತ. ಬಾಚಿದೇವನ ಮುಂದೆ ಈಗ ಅವನ ಬರಿಯ ಕತ್ತು. ಗರಡಿಯ ಒಂದು ಪಟ್ಟು ಹಾಕಿದರೆ ಮುಗಿಯಿತು! ಮುಷ್ಟಿ ತಾನಾಗಿ ಬಿಗಿಯಿತು. ಅಕ್ಕನ ಕಿರುಚಾಟ ನೆನಪಾಯಿತು. ಕಾಳಜ್ಜಿಯ ಮಾತೂ ನೆನಪಾಯಿತು. ಸುಮ್ಮನಿದ್ದ. ಮುಷ್ಟಿ ಬಿಚ್ಚಿ, ಅದೇ ಅಂಗೈಗೆ ಎಣ್ಣೆ ಸುರಿದುಕೊಂಡ. ಉಸಿರು ಬಿಟ್ಟಾಗ ಒತ್ತಿದ, ಎಳೆದುಕೊಂಡಾಗ ಕಾದ. ಒತ್ತಿದ, ಕಾದ. ಹುರಿನಾಥ ಮೊದಲು ಬಯ್ದ, ಆಮೇಲೆ ನರಳಿದ, ಕೊನೆಗೆ ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತ. ಬೆನ್ನಿನ ಗಂಟು ಕರಗಿತು. ಹಗ್ಗದ ಮೊದಲ ಗಂಟು ಸಡಿಲವಾಯಿತು. ಅದರ ಹಿಂದೆಯೇ ಉಳಿದವೂ ಸರಸರನೆ ಬಿಚ್ಚಿಕೊಂಡವು.

ಅರಮನೆಯಲ್ಲಿ ರಾಣಿ ತುಂಬು ಉಸಿರೆಳೆದಳು. ತಮ್ಮ ಬಂದ ಸದ್ದಿಗೆ ಕತ್ತು ತಿರುಗಿಸಿ ನೋಡಿದಳು. ಅವನ ಹಿಂದೆ ತಲೆ ತಗ್ಗಿಸಿ ನಿಂತಿದ್ದ ಹುರಿನಾಥನನ್ನು ಕರೆದು, ಆ ನಾಡಿನ ಪದ್ಧತಿಯಂತೆ, ತನ್ನ ಕೈಯಾರೆ ಅವನ ನೆತ್ತಿಗೆ ಎಣ್ಣೆ ತಟ್ಟಿದಳು. ಅವನೂ ಅವಳ ನೆತ್ತಿಗೆ ತಟ್ಟಿದ. ಮಾಯೆ ಕಳೆದ ಹಗ್ಗದಲ್ಲಿ ಊರಿನ ಕೂಸುಗಳಿಗೆ ಜೋಲಿ ಕಟ್ಟಿದರು. ಆ ರಾತ್ರಿ ತೈಲಾವತಿಯವರೆಲ್ಲ ಬಿಸಿನೀರು ಮಿಂದು, ತುಪ್ಪದನ್ನ ಉಂಡು, ಮಗ್ಗುಲಾದಲ್ಲೇ ಸುಖವಾಗಿ ನಿದ್ದೆಹೋದರು.

ಕಾಳಜ್ಜಿ ಮಾತ್ರ ಬಾಚಿದೇವನ ಮುಂದೆ ಬೆನ್ನು ತಿರುಗಿಸಿ ಕೂತಳು.

"ಮಗಾ, ಇಷ್ಟು ವರ್ಷದಲ್ಲಿ ಯಾರೂ ಕೇಳಲಿಲ್ಲ. ಇಲ್ಲೂ ಒಂದಿದೆ, ಸ್ವಲ್ಪ ನೋಡೋ."

ಅವನು ಅಂಗೈ ಉಜ್ಜಿಕೊಂಡು ಎಣ್ಣೆ ಬೆಚ್ಚಗೆ ಮಾಡತೊಡಗಿದ.